ಕಬ್ಬಿಣ ಬೀಳುವ ತನಕ

ನನ್ನ ತಂಗಿ ಮೊದಲ ಹೆರಿಗೆಗೆಂದು ಮನೆಗೆ ಬಂದಿದ್ದಾಗ, ಆಕಾಶದಿಂದ ರಾಕೆಟ್ಟಿನ ತುಂಡೊಂದು ಬೀಳುತ್ತದೆ ಎಂಬ ಸುದ್ದಿ ಬಂತು. ಯಾವುದೋ ದೇಶದವರು ಕಳಿಸಿದ ರಾಕೆಟ್ಟು. ಅದರ ಕೆಲಸ ಮುಗಿದ ಮೇಲೆ ದೊಡ್ಡದೊಂದು ಭಾಗ ಯಾರ ಹಿಡಿತಕ್ಕೂ ಸಿಗದೆ ಭೂಮಿಯನ್ನು ಸುತ್ತುತ್ತಾ ಇಳಿಯುತ್ತಿದೆ, ನಾಳೆ ಮಧ್ಯಾಹ್ನದೊಳಗೆ ಎಲ್ಲಾದರೂ ಬೀಳಬಹುದು ಎಂದು ಟಿವಿಯಲ್ಲಿ ಹೇಳಿದರು. ಭೂಪಟದ ಮೇಲೆ ಗೆರೆಗಳನ್ನು ಎಳೆದು ತೋರಿಸಿದರು. ಒಂದು ಗೆರೆ ನಮ್ಮ ಬೆಟ್ಟಗಳ ಮೇಲೆಯೇ ಹಾದುಹೋಗಿತ್ತು. ಬೀಳುವುದು ಹೆಚ್ಚಾಗಿ ಸಮುದ್ರಕ್ಕೇ, ಮನುಷ್ಯರಿಗೆ ತಗಲುವುದು ತೀರಾ ಅಪರೂಪ ಎಂದೂ ಅವರೇ ಹೇಳಿದರು. ನಾನು ಹಿಡಿದುಕೊಂಡದ್ದು ಆ ಗೆರೆಯನ್ನು ಮಾತ್ರ.

ನಾನು ಓದಿದ್ದು ಐದನೇ ಕ್ಲಾಸು. ಅದನ್ನು ನೆಪವಾಗಿ ಹೇಳುತ್ತಿಲ್ಲ. ಆ ಸಂಜೆ ನಮ್ಮ ಹಟ್ಟಿಯಲ್ಲಿ ಓದಿದವರೂ ಮೇಲೆ ನೋಡುತ್ತಿದ್ದರು. ಆದರೆ ಅವರು ನೋಡಿ, ನಕ್ಕು, ಊಟಕ್ಕೆ ಹೋದರು.

ಅವ್ವೆ ಅವತ್ತು ಇತ್ತಲಾರಿಗೆ, ತನ್ನ ಅಣ್ಣನ ಸಾವಿಗೆ ಹೋಗಿದ್ದಳು. ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಬಸುರಿಯನ್ನು ನೋಡಿಕೊಳ್ಳುವ ಹೊಣೆ ನನ್ನದು.

ನಮ್ಮಲ್ಲಿ ಗ್ರಹಣದ ಹೊತ್ತಿನಲ್ಲಿ ಬಸುರಿಯನ್ನು ಹೊರಗೆ ಬಿಡುವುದಿಲ್ಲ. ಕಿಟಕಿ ಮುಚ್ಚಿ ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಾರೆ. ಅವಳು ಕತ್ತಿ ಮುಟ್ಟಬಾರದು, ಸೂಜಿ ಹಿಡಿಯಬಾರದು, ಗ್ರಹಣ ಬಿಡುವ ತನಕ ಹೊಸಿಲು ದಾಟಬಾರದು. ನಮ್ಮ ಅಜ್ಜಿ ಅವ್ವೆಗೆ ಹಾಗೆ ಮಾಡಿದ್ದಳು. ಬೀಳುವ ರಾಕೆಟ್ಟಿಗೂ ಇದೇ ಕಟ್ಟಳೆ ಎಂದು ಯಾರೂ ಹೇಳಿರಲಿಲ್ಲ. ಅದನ್ನು ಮಾಡಿದವಳು ನಾನು.

ನಮ್ಮ ಮನೆಗೆ ಶೀಟಿನ ಮಾಡು. ಹಿಂದುಗಡೆ ಟೀ ತೋಟದ ಗೊಬ್ಬರದ ಮೂಟೆ ಇಡಲು ಕಟ್ಟಿಸಿದ ಸಣ್ಣ ಕೋಣೆಗೆ ಮಾತ್ರ ಕಾಂಕ್ರೀಟ್ ಹಾಕಿಸಿದ್ದೆವು. ಮೂಟೆಗಳನ್ನು ಗೋಡೆಗೆ ಒತ್ತರಿಸಿ ತಂಗಿಗೆ ಅಲ್ಲಿ ಹಾಸಿಗೆ ಹಾಸಿದೆ.

"ಅಕ್ಕಾ, ಈ ಗೊಬ್ಬರದ ವಾಸನೆಗೇ ನಾನು ಸಾಯ್ತೀನಿ. ಕಬ್ಬಿಣ ಬೇರೆ ಬರಬೇಕಾ?" ಎಂದಳು.

"ಬಾಯಿ ಮುಚ್ಚು ಕೂಸೇ. ಬಸುರಿ ಆಡೋ ಮಾತಾ ಇದು?"

"ಎಲೆ ಒಯ್ಯೋ ಜೀಪಿಗೇ ನಮ್ಮ ಮನೆ ದಾರಿ ಗೊತ್ತಾಗಲ್ಲ. ರಾಕೆಟ್ಟಿಗೆ ಗೊತ್ತಾಗುತ್ತಾ?"

ಎಲೆ ಜೀಪು ಓಡಿಸುವ ಚಿಕ್ಕಪ್ಪ ಆಗ ಹೊರಗೇ ನಿಂತಿದ್ದ. ನಾವು ಕಿತ್ತ ಹಸಿ ಎಲೆಯನ್ನು ಫ್ಯಾಕ್ಟರಿಗೆ ಒಯ್ಯುವವನು ಅವನೇ. ಅವನೂ ಬಿಡಲಿಲ್ಲ. "ಬಿದ್ದರೆ ಮೂಟೆಗೆ ಕಟ್ಟಿಡಮ್ಮ, ಎಲೆ ಜೊತೆ ತೂಕಕ್ಕೆ ಹಾಕೋಣ. ಈಗ ಎಲೆಗಿಂತ ಕಬ್ಬಿಣಕ್ಕೇ ಬೆಲೆ."

ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕಿದ್ದು ನೆನಪಿರುವುದು ಅದೇ ಕೊನೆ.

ಬೆಳಿಗ್ಗೆ ಕಾಫಿ ಕೊಟ್ಟೆ. ಲೋಟ ಹಿಡಿದವಳು ಕುಡಿಯಲಿಲ್ಲ.

"ಅಕ್ಕಾ, ಇದು ಆಡ್ತಾ ಇಲ್ಲ."

"ಯಾವುದು?"

"ಒಳಗಿರೋದು. ರಾತ್ರಿಯಿಂದ ಸುಮ್ಮನೆ ಇದೆ."

ಹಿಂದಿನ ವಾರ ಆಸ್ಪತ್ರೆಗೆ ಅವಳ ಜೊತೆ ಹೋದವಳು ನಾನೇ. ಕೂಸಿನ ಆಟ ಕಡಿಮೆಯಾದರೆ ಒಂದು ಗಳಿಗೆಯೂ ಕಾಯಬೇಡಿ, ಎಷ್ಟು ಹೊತ್ತಾದರೂ ಬನ್ನಿ ಎಂದು ನರ್ಸು ನಮ್ಮಿಬ್ಬರ ಮುಖ ನೋಡಿ ಹೇಳಿದ್ದಳು. ಆ ಮಾತು ನನಗೆ ಮರೆತಿರಲಿಲ್ಲ. ಇದನ್ನೂ ಬರೆಯಬೇಕು. ಮರೆತಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅವಳ ಹೊಟ್ಟೆಯ ಮೇಲೆ ಕೈ ಇಟ್ಟೆ. ಅಂಗೈಗೆ ಏನೋ ಮೆಲ್ಲಗೆ ಸರಿದಂತಾಯಿತು. "ಇಗೋ, ಆಡ್ತಲ್ಲ" ಎಂದೆ. ಅದು ಅವಳ ಉಸಿರಿರಬಹುದು.

"ನನಗೆ ಗೊತ್ತಾಗಲಿಲ್ಲ" ಎಂದಳು. "ಬಸ್ಸಿಗೆ ಹೋಗಿ ತೋರಿಸ್ಕೊಂಡು ಬರೋಣ ಅಕ್ಕಾ."

"ಇವತ್ತೇನು ಬಯಲಲ್ಲಿ ನಿಲ್ಲೋ ದಿನಾನಾ? ಗ್ರಹಣದಲ್ಲಿ ಕೂಸು ಮಲಗೇ ಇರುತ್ತೆ. ಮಧ್ಯಾಹ್ನಕ್ಕೆ ಆ ಕಬ್ಬಿಣ ಬಿದ್ದುಬಿಡ್ಲಿ, ಆಮೇಲೆ ಹೋಗೋಣ."

"ಇದು ಗ್ರಹಣ ಅಲ್ಲ ಅಕ್ಕಾ."

ನಾನು ಎದ್ದು ಬಾಗಿಲು ಹಾಕಿದೆ.

ಕತ್ತಲಲ್ಲಿ ಅವಳ ಪಕ್ಕ ಕೂತಿದ್ದೆ. ಅವಳು ಕತ್ತಿನ ನೂಲನ್ನು ಬೆರಳಿಗೆ ಸುತ್ತುವುದು, ಬಿಡಿಸುವುದು ಮಾಡುತ್ತಿದ್ದಳು. ಬಸುರಿನಲ್ಲಿ ಗಂಡ ಕಟ್ಟಿದ ನೂಲು ಅದು. ಸ್ವಲ್ಪ ಹೊತ್ತಿಗೆ ಕೋತಗಿರಿಯ ಬಸ್ಸು ಮೇಲಿನ ತಿರುವಿನಲ್ಲಿ ಹಾರ್ನ್ ಹಾಕಿತು. ನಮ್ಮ ಹಟ್ಟಿಯಲ್ಲಿ ಅದು ತಿರುಗಿಕೊಂಡು ನಿಲ್ಲುತ್ತದೆ. ಡ್ರೈವರು ಇಳಿದು ಟೀ ಕುಡಿದು ಮತ್ತೆ ಹತ್ತುತ್ತಾನೆ. ಅಷ್ಟು ಹೊತ್ತೂ ಅವಳು ನನ್ನನ್ನೇ ನೋಡುತ್ತಿದ್ದಳು. ಕತ್ತಲಾದರೂ ಅದು ನನಗೆ ತಿಳಿಯುತ್ತಿತ್ತು. ಬಸ್ಸು ಹೋಯಿತು. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಮಧ್ಯಾಹ್ನ ಚಿಕ್ಕಪ್ಪ ಬಂದು ಬಾಗಿಲು ಬಡಿದ. "ಬಿತ್ತಂತೆ, ಎಲ್ಲೋ ದೂರದ ಸಮುದ್ರಕ್ಕೆ. ಮೀನುಗಳಿಗೆ ಹೇಳಿ ಕಳಿಸಬೇಕಿತ್ತು" ಎಂದು ನಗುತ್ತಾ ಒಳಗೆ ಇಣುಕಿದವನು ತಂಗಿಯ ಮುಖ ನೋಡಿ ನಗು ನಿಲ್ಲಿಸಿದ. ಎಲೆ ಮೂಟೆಗಳನ್ನು ದಾರಿಯಲ್ಲೇ ಇಳಿಸಿ ಜೀಪನ್ನು ಆಸ್ಪತ್ರೆಗೆ ಓಡಿಸಿದ.

ಅಲ್ಲಿ ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರ ಇಟ್ಟು ಪರದೆಯನ್ನೇ ನೋಡಿದಳು. ಜಾಗ ಬದಲಿಸಿ ಇಟ್ಟಳು, ಮತ್ತೆ ಬದಲಿಸಿದಳು. ಆಮೇಲೆ ಯಂತ್ರ ತೆಗೆದು ತಂಗಿಯ ಕೈ ಹಿಡಿದುಕೊಂಡಳು. ಅವಳು ಬಾಯಿ ಬಿಡುವ ಮೊದಲೇ ನಮಗೆ ತಿಳಿದಿತ್ತು.

"ರಾತ್ರಿಯಿಂದಲೇ ಆಟ ಇರಲಿಲ್ಲ ಅಂತೀಯಲ್ಲಮ್ಮ, ಬೆಳಿಗ್ಗೆ ಯಾಕೆ ಬರಲಿಲ್ಲ?" ಎಂದು ಡಾಕ್ಟರಮ್ಮ ತಮಿಳಿನಲ್ಲಿ ಕೇಳಿದಳು.

ನಾನು ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದೆ. ತಂಗಿ ನನ್ನ ಕಡೆ ನೋಡಲಿಲ್ಲ.

"ಬಸ್ಸು ಬರಲಿಲ್ಲ" ಎಂದಳು.

ಅದೇ ಮಾತನ್ನು ತನ್ನ ಗಂಡನಿಗೂ ಹೇಳಿದಳು, ಇತ್ತಲಾರಿನಿಂದ ಓಡಿಬಂದ ಅವ್ವೆಗೂ ಹೇಳಿದಳು. ಹೆತ್ತದ್ದು ಗಂಡು ಕೂಸು. ತಲೆ ತುಂಬ ಕೂದಲಿತ್ತು.

ಬೆಳಿಗ್ಗೆಯೇ ಹೋಗಿದ್ದರೆ ಅದು ಉಳಿಯುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರನ್ನೂ ಕೇಳಲು ಧೈರ್ಯ ಬಂದಿಲ್ಲ. ಇಡೀ ಭೂಮಿಯಲ್ಲಿ ಎಲ್ಲಿ ಬೇಕಾದರೂ ಬೀಳಬಹುದಾಗಿದ್ದ ಕಬ್ಬಿಣಕ್ಕೆ ಹೆದರಿದೆ. ಕೈಯಡಿಯಲ್ಲೇ ಸುಮ್ಮನಾಗಿದ್ದ ಕೂಸಿಗೆ ಹೆದರಲಿಲ್ಲ.

ತಂಗಿ ಈಗ ಸೋಲೂರಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ಬಂದಾಗ ನನ್ನ ಜೊತೆ ಎಲೆ ಕೀಳುತ್ತಾಳೆ, ಮಾತಾಡುತ್ತಾಳೆ. ಆ ದಿನದ ಮಾತು ಎತ್ತಿದರೆ "ಬಸ್ಸು ಬರಲಿಲ್ಲ, ಬಿಡು ಅಕ್ಕಾ" ಎನ್ನುತ್ತಾಳೆ.

ಅದನ್ನು ಪೂರ್ತಿ ನಂಬಿದವಳು ಅವ್ವೆ. ಆ ಬಸ್ಸಿನ ಡ್ರೈವರು ಒಳ್ಳೆಯ ಮನುಷ್ಯ. ಅವ್ವೆಯ ಚೀಲವನ್ನು ಕೈಚಾಚಿ ತಾನೇ ಎತ್ತಿಕೊಳ್ಳುತ್ತಾನೆ. ಆದರೂ ಅವನ ಮುಖ ಕಂಡರೆ ಸಾಕು, "ಬೇಕಾದ ದಿನ ಬರಲಿಲ್ಲ, ಈಗ ಬಂದ" ಎಂದು ಅವ್ವೆ ಅವನಿಗೆ ಕೇಳಿಸುವಂತೆಯೇ ಗೊಣಗುತ್ತಾಳೆ. ಯಾವ ದಿನ ಎಂದು ಅವನಿಗೆ ತಿಳಿಯದು. ನಾನು ಪಕ್ಕದಲ್ಲಿ ಕೂತು ಕಿಟಕಿಯಾಚೆ ನೋಡುತ್ತೇನೆ.

ಈಚೆಗೆ ಮತ್ತೆ ಅಂಥದೇ ಸುದ್ದಿ ಬಂತು. ಹಳೆಯದೊಂದು ಉಪಗ್ರಹ ಬೀಳುತ್ತದಂತೆ. ಅವ್ವೆ ಒಲೆಯ ಮುಂದೆ ಕೂತು ಟಿವಿ ನೋಡುತ್ತಿದ್ದಳು.

"ಬೀಳೋದು ಬೀಳ್ಲಿ" ಎಂದಳು. "ಅವತ್ತು ಆ ಬಸ್ಸು ಒಂದು ಬಂದಿದ್ರೆ ಸಾಕಿತ್ತು."

"ಬಂದಿತ್ತು ಅವ್ವೆ" ಎಂದೆ.

ಅವಳು ತಿರುಗಿ ನೋಡಿದಳು. ನಾನು ಎಲ್ಲವನ್ನೂ ಹೇಳಿದೆ. ಗೊಬ್ಬರದ ಕೋಣೆ, ಮುಚ್ಚಿದ ಬಾಗಿಲು, ತಿರುವಿನ ಹಾರ್ನ್. ಅವ್ವೆ ಒಲೆಯೊಳಗಿನ ಸೌದೆಯನ್ನು ಹಿಂದಕ್ಕೆ ಎಳೆದು, ಅರೆಬೆಂದ ಅನ್ನವನ್ನು ಹಾಗೆಯೇ ಬಿಟ್ಟು ಎದ್ದುಹೋದಳು.

ಮರುದಿನ ನಾವು ಕೋತಗಿರಿಗೆ ಹೋಗಬೇಕಿತ್ತು. ಬಸ್ಸು ಬಂದಾಗ ಡ್ರೈವರು ಎಂದಿನಂತೆ ಚೀಲಕ್ಕೆ ಕೈ ಚಾಚಿದ. ಅವ್ವೆ ಗೊಣಗಲಿಲ್ಲ. "ಚೆನ್ನಾಗಿದ್ದೀಯಾ ಮಗನೇ?" ಎಂದು ಕೇಳಿದಳು. ಆಮೇಲೆ ಅವನ ಹಿಂದಿನ ಸೀಟಿನಲ್ಲಿ ಕೂತು, ನಾನು ಕೂರುವ ಜಾಗದಲ್ಲಿ ಚೀಲವನ್ನಿಟ್ಟು ಅದರ ಮೇಲೆ ಕೈ ಊರಿದಳು. ನಾನು ಹಿಂದೆ ಹೋಗಿ ನಿಂತೆ.