ದುರ್ಗವ್ವನ ಬೆನ್ನು

ಅಥಣಿಯಿಂದ ಸತ್ತಿಯ ಕಡೆ ಹೊರಟ ಬಸ್ಸು ದಾರಿಯ ಹಳ್ಳಿಯೊಂದರಲ್ಲಿ ನಿಂತುಬಿಟ್ಟಿದೆ. ಬೆಳಗಿನ ಜಾವ ದುರ್ಗವ್ವನ ಹಳೆಯ ಗುಡಿ ಕುಸಿದು ಕಲ್ಲುಗಳು ರಸ್ತೆಗೆ ಉರುಳಿವೆ. ಶತಮಾನಗಳ ಗುಡಿ ಹೋಯಿತೆಂದು ಸಂಕಟಪಡುತ್ತಿರುವವನು ನಾನೊಬ್ಬನೇ. ಊರವರ ಮುಖದಲ್ಲಿ ನಿರಾಳವಿದೆ.

"ವಾಲಿ ನಿಂತಿತ್ರಿ. ಯಾರ ಮ್ಯಾಲೆ ಬೀಳತೈತೋ ಅಂತ ಜೀವ ಕೈಯಾಗ ಹಿಡಕೊಂಡಿದ್ವಿ," ಎಂದ ಚಹಾದಂಗಡಿಯವನು.

ಕೆಡವಬಹುದಿತ್ತಲ್ಲ ಎಂದೆ.

"ದೇವರ ಮನಿಗೆ ಹಾರಿ ಗುದ್ದಲಿ ಹಾಕಾವ್ರ ಯಾರ್ರಿ? ಈಗ ಆಕೀನ ತನ್ನ ಗುಡಿ ಇಳಿಸ್ಯಾಳ. ಯಾರಿಗೂ ಏನೂ ಆಗಿಲ್ಲ."

ಹೆದರಿಕೆಗೆ ವರ್ಷಗಟ್ಟಲೆ ಯಾರೂ ಒಳಗೆ ಹೋಗದೆ, ರಸ್ತೆಯ ಈಚೆಯಿಂದಲೇ ಕಾಯಿ ಒಡೆಯುತ್ತಿದ್ದರಂತೆ. ಈಗ ಸುತ್ತಲಿನ ಗೋಡೆಗಳೆಲ್ಲ ಹೊರಕ್ಕೆ ಬಿದ್ದು ಮೂರ್ತಿಯೊಂದೇ ಬಿಸಿಲಿಗೆ ಕುಳಿತಿದೆ. ಪೂಜಾರಿ ಮನೆಯ ಅಜ್ಜಿ ಕೊಡ ಹೊತ್ತು, ಕಲ್ಲು ದಾಟಿ ಬಂದಳು. ದೇವಿಯ ಮುಖ ತೊಳೆದಳು. ಆಮೇಲೆ ಹಿಂದಕ್ಕೆ ಹೋಗಿ ತೆಂಗಿನ ನಾರಿನಿಂದ ಬೆನ್ನು ತಿಕ್ಕತೊಡಗಿದಳು.

"ಗ್ವಾಡಿಗೆ ಬೆನ್ನ ಹಚ್ಚಿ ಕುಂತಿದ್ಲ ನೋಡ್ರಿ. ನಮ್ಮತ್ತಿ ಕಾಲದಾಗೂ ಈ ಬೆನ್ನ ಯಾರ ಕೈಗೂ ಸಿಕ್ಕಿದ್ದಿಲ್ಲ," ಎಂದು ನನಗೆ ಹೇಳಿ, ಖಾಲಿ ಕೊಡ ಎತ್ತಿಕೊಂಡು ದೇವಿಯ ಕಡೆ ತಿರುಗಿದಳು.

"ಹಂಗ ಕುಂತಿರವಾ, ಇನ್ನೊಂದ ಕೊಡ ತರತೀನಿ."