ಮೂರು ನೀರು ಬಸಿದ ಪಲ್ಲೆ

ಯುದ್ಧದ ಕಾಲ. ಹಳಿಯಾಳದಲ್ಲೂ ಅಕ್ಕಿ, ಸಕ್ಕರೆಗೆ ರೇಷನ್ ಬಂದಿತ್ತು. ನನ್ನ ಅತ್ತೆ ತುಂಬಿದ ಮೈಯ ಹೆಂಗಸು. ಅವರ ಕಾಲಿನ ಹೆಬ್ಬೆರಳ ಹುಣ್ಣು ಮಾಯಲಿಲ್ಲ, ಕಣ್ಣು ಮಂಜಾಗುತ್ತ ಬಂತು. ಮೋಟಾರು ಹತ್ತಿಸಿ ಧಾರವಾಡಕ್ಕೆ ಕರೆದೊಯ್ದೆವು. ಅಲ್ಲಿನ ಡಾಕ್ಟರು ಮೂತ್ರವನ್ನು ನೀಲಿ ಔಷಧಿಗೆ ಬೆರೆಸಿ ಕಾಯಿಸಿದಾಗ ಅದು ಇಟ್ಟಿಗೆಯಂತೆ ಕೆಂಪಾಯಿತು.

“ಸಿಹಿಮೂತ್ರ ಐತಿ. ಇಂಜೆಕ್ಷನ್ ಈಗ ಸಿಗೂದು ಕಷ್ಟ. ಮೊದಲ ಹೊಟ್ಟಿ ಕಟ್ಟಿ ನೋಡೂಣು.”

ಅನ್ನ, ರೊಟ್ಟಿ, ಬೆಲ್ಲ ಬಂದ್. ನೀರುಮಜ್ಜಿಗೆ, ಸೌತೆಕಾಯಿ, ಸಿಹಿ ಅಂಶ ಹೋಗಲೆಂದು ಮೂರು ಸಲ ಕುದಿಸಿ ನೀರು ಬಸಿದ ಪಲ್ಲೆ, ಇಷ್ಟೇ ಊಟ. ಮರಳಿ ಬರುವಾಗ ಅತ್ತೆ ನನ್ನ ಕಡೆ ತಿರುಗಿದರು. “ಆ ಡಾಕ್ಟರಗ ನೀನ ಹೇಳಿಕೊಟ್ಟಿ ಏನು?”

ಮರುದಿನ ಹಿತ್ತಲಲ್ಲಿ ಪಲ್ಲೆಯ ನೀರು ಚೆಲ್ಲುತ್ತಿದ್ದೆ. ಬೇಲಿಯಾಚೆಯಿಂದ ನೆರೆಮನೆಯ ಕಾಕು ನೋಡಿದರು. “ಸತ್ವ ಎಲ್ಲಾ ಚೆಲ್ಲಿ ಅತ್ತಿಗೆ ಪಿಪ್ಪಿ ಹಾಕ್ತಿ ಏನವಾ? ಆಕಿ ಪಾಲಿನ ರೇಷನ್ ಅಕ್ಕಿ ಯಾರ ಹೊಟ್ಟಿಗೆ?” ಸಂಜೆಯೊಳಗೆ ಓಣಿಗೆಲ್ಲ ಸುದ್ದಿಯಾಯಿತು. ಬಾವಿಕಟ್ಟೆಗೆ ನಾನು ಹೋದರೆ ಮಾತು ನಿಲ್ಲುತ್ತಿತ್ತು.

ಅತ್ತೆ ತಾಟು ನನ್ನತ್ತ ದೂಡಿ, “ಮೊದಲ ನೀ ತಿನ್ನು” ಎನ್ನುತ್ತಿದ್ದರು. ನಾನು ನುಂಗುವವರೆಗೂ ಅವರ ಕಣ್ಣು ನನ್ನ ಗಂಟಲ ಮೇಲಿರುತ್ತಿತ್ತು.

ಮುಂದಿನ ಸಲ ಹೋದಾಗಲೂ ಔಷಧಿ ಕೆಂಪಾಯಿತು. ಡಾಕ್ಟರು ಗದರಿದರು. ನನ್ನವರು ಹೊರಗೆ ಬಂದು, “ಖರೇ ಹೇಳು, ಏನು ಕೊಟ್ಟಿ?” ಎಂದರು. ಅಂದಿನಿಂದ ಮನೆಯಲ್ಲಿ ಒಬ್ಬರನ್ನೊಬ್ಬರು ನಂಬುವವರೇ ಇಲ್ಲವಾದರು. ಅತ್ತೆಗೆ ಕದ್ದು ತಿನ್ನಿಸುವವರು ಯಾರೆಂದು ನಾನೂ ಕಾಯತೊಡಗಿದೆ.

ಒಂದು ಮಧ್ಯಾಹ್ನ ಕಾಕು ಸೆರಗಿನಡಿ ಬಟ್ಟಲು ಹಿಡಿದು ಹಿತ್ತಲ ಬಾಗಿಲಿಗೆ ಬಂದರು. ಬೆಲ್ಲ ಕಲಸಿದ ಅವಲಕ್ಕಿ. ಕೂಗಾಡಬೇಕೆಂದಿದ್ದೆ, ಆಗಲಿಲ್ಲ.

“ಒಳಗ ಬರ್ರಿ ಕಾಕೂ. ಇದನ್ನೂ ನೋಡಿ ಹೋಗ್ರಿ,” ಎಂದು ಅತ್ತೆಯ ಕಾಲಿನ ಪಟ್ಟಿ ಬಿಚ್ಚಿದೆ. ವಾಸನೆಗೆ ಕಾಕು ಮೂಗಿಗೆ ಸೆರಗು ಹಿಡಿದರು. ಮಂಜುಗಣ್ಣಿನ ಅತ್ತೆಗೆ ತಮ್ಮ ಕಾಲ್ಬೆರಳು ಸರಿಯಾಗಿ ಕಾಣುತ್ತಿರಲಿಲ್ಲ. ನನ್ನನ್ನು ಕೇಳಲಿಲ್ಲ, ಕಾಕುವನ್ನೇ ಕೇಳಿದರು: “ಹೆಂಗೈತಿ?”

ಕಾಕು ಬಗ್ಗಿ ನೋಡಿದರು. “ಕರ್ರಗಾಗೇತಿ ಅಕ್ಕಾ. ಆಕಿ ಕೊಟ್ಟಿದ್ದಷ್ಟ ತಿನ್ನು.” ಬಟ್ಟಲನ್ನು ಹಾಗೆಯೇ ಸೆರಗಿನಡಿ ಒಯ್ದರು.

ಆಮೇಲೆ ಅತ್ತೆ ಹಟ ಮಾಡಲಿಲ್ಲ. ಎದ್ದರೆ ತಲೆ ತಿರುಗುತ್ತಿತ್ತು, ಗೋಡೆ ಹಿಡಿದು ನಡೆಯುತ್ತಿದ್ದರು. ನಾನು ಕೊಲ್ಲುತ್ತಿದ್ದೇನೆಯೇ ಎಂಬ ಅನುಮಾನ ಆಗ ನನಗೇ ಬಂತು. ಆದರೆ ಔಷಧಿ ಹಸಿರಾಯಿತು, ಕೊನೆಗೆ ನೀಲಿಯಾಗಿಯೇ ಉಳಿಯಿತು. ಉಗುರು ಹೋಯಿತು, ಬೆರಳು ಉಳಿಯಿತು. ಕುಪ್ಪಸ ಜೋಲುವಷ್ಟು ಇಳಿದ ಅವರನ್ನು ಕಂಡು ಓಣಿಯವರು, “ನೋಡ್ರಿ, ಹೆಂಗ ಒಣಗಿಸ್ಯಾಳ” ಎಂದರು. ಆ ಮಾತಿಗೆ ಬೇಲಿ ಹತ್ತಿರ ನಿಂತು ಜಗಳ ತೆಗೆದದ್ದು ಕಾಕು.

ಡಾಕ್ಟರು ಅರ್ಧ ಜೋಳದ ರೊಟ್ಟಿಗೆ ಒಪ್ಪಿದ ದಿನ ಒಲೆಯಿಂದಲೇ ಬಿಸಿಯಾಗಿ ಬಡಿಸಿದೆ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಚೂರು ಚೂರೇ ಮುರಿದು ತಿಂದರು. ಅಳುತ್ತಿದ್ದರೋ ಏನೋ, ನಾನು ಇಣುಕಿ ನೋಡಲಿಲ್ಲ.