ತೂಬಿಲ್ಲದ ನೀರು, ಬಾಡಿಗೆ ಕಾರು

ಇರಿ ಇರಿ, ಫೋನ್ ಕೆಳಗಿಡ್ಬೇಡಿ. ನಮ್ಮಪ್ಪ ಕುಂದಾಪುರದಾಚೆ ಒಂದು ಹೊಳೆ ದಡದಲ್ಲಿ ಪಂಚೆ ಎತ್ತಿ ಕಟ್ಕೊಂಡು, ಸಮುದ್ರದ ನೀರು ನಿಲ್ಸಕ್ಕೆ ತೂಬು ಹುಡುಕ್ಕೊಂಡು ಹೋದ ಕಥೆ ಇದು. ಅಲ್ಲಿಗೆ ಬರೋಗಂಟ ಸ್ವಲ್ಪ ತಡ್ಕೊಳಿ, ಮೊದ್ಲು ವ್ಯಾನಿನ ವಿಷ್ಯ ಹೇಳ್ಬುಡ್ತೀನಿ. ಅದಿಲ್ದೆ ಏನೂ ಅರ್ಥ ಆಗಲ್ಲ.

ನಮ್ದು ಕೊತ್ತತ್ತಿ ಕಡೆ. ಮನೇಲಿ ಒಂದು ಹಳೇ ವ್ಯಾನು ಅದೆ, ಅದರ ಕೀ ಯಾವಾಗ್ಲೂ ನಮ್ಮಣ್ಣನ ಜೇಬಲ್ಲಿ. ನಾನು ಮದ್ದೂರಲ್ಲಿ ರಕ್ತಪರೀಕ್ಷೆ ಮಾಡೋ ಲ್ಯಾಬಲ್ಲಿ ಕೆಲ್ಸ ಮಾಡ್ತೀನಿ. ಮಂಡ್ಯಕ್ಕೊಂದು ಬಸ್ಸು, ಅಲ್ಲಿಂದ ಮದ್ದೂರಿಗೆ ಇನ್ನೊಂದು. ಏಳೂವರೆ ಬಸ್ಸು ತಪ್ಪಿದ್ರೆ ಮುಗೀತು. ಅಣ್ಣ ಆ ಹೊತ್ತಲ್ಲಿ ಇನ್ನೂ ಕಂಬಳಿ ಹೊದ್ಕೊಂಡು ಬಿದ್ದಿರ್ತಾನೆ, ವ್ಯಾನು ಹಟ್ಟಿ ಮುಂದೆ ಬಿದ್ದಿರ್ತದೆ. ಅದನ್ನ ದಾಟ್ಕೊಂಡೇ ನಾನು ಬಸ್ಸಿಗೆ ಓಡ್ಬೇಕು. ಹೊಟ್ಟೆ ಉರಿಯಲ್ವಾ ಹೇಳಿ?

ಡ್ರೈವಿಂಗು ನಂಗೆ ಯಾರೂ ಹೇಳ್ಕೊಟ್ಟಿದ್ದಲ್ಲ. ವಿಡಿಯೋ ನೋಡಿ ಕಲ್ತೆ. ಕ್ಲಚ್ಚು ಒಳಗಡೆ ಹೆಂಗೆ ತಿರುಗ್ತದೆ, ಅರ್ಧ ತುಳಿದ್ರೆ ಸುಟ್ಟ ವಾಸ್ನೆ ಯಾಕೆ ಬರ್ತದೆ, ಮುಂದಿನ ಚಕ್ರ ಎಳೆಯೋ ಗಾಡಿ ಯಾವ್ದು, ಹಿಂದಿನ ಚಕ್ರ ತಳ್ಳೋ ಗಾಡಿ ಯಾವ್ದು, ಎಲ್ಲಾನೂ. ಭಾನುವಾರ ಮಧ್ಯಾಹ್ನ ಅಣ್ಣ ಬಾಡೂಟ ಉಂಡು ಮಲಗ್ತಿದ್ದಂಗೆ ಕೀ ಎತ್ಕೊಂಡು ಕಣಕ್ಕೆ ಹೋಗಿ, ಪ್ಲಾಸ್ಟಿಕ್ ಬಿಂದಿಗೆ ಸಾಲಾಗಿಟ್ಟು ಎಂಟರ ಆಕಾರದಲ್ಲಿ ಸುತ್ತು ಹಾಕ್ತಿದ್ದೆ. ಒಂದು ಬಿಂದಿಗೆ ಸತ್ತೋಯ್ತು. ಅವ್ವ ಈಗ್ಲೂ ಅದನ್ನೇ ಎತ್ತಾಡ್ತಾಳೆ. ಮಂಡ್ಯದಲ್ಲಿ ಲೈಸೆನ್ಸ್ ಟೆಸ್ಟ್ ಮಾತ್ರ ಒಂದೇ ಸಲಕ್ಕೆ ಪಾಸು.

"ಅಪ್ಪ, ಲೈಸೆನ್ಸ್ ಬಂತಲ್ಲ, ಇನ್ಮೇಲೆ ಬೆಳಗ್ಗೆ ವ್ಯಾನ್ ನಂಗೆ ಕೊಡು," ಅಂದೆ.

"ಲೈಸನ್ಸ್ ಕೊಟ್ಟೋನು ನಿನ್ ಪಕ್ಕ ಕೂತ್ಕಂಡು ಮದ್ದೂರ್‌ಗಂಟ ಬಂದವ್ನಾ?"

"ನೀನೇ ಬಂದು ಕೂತ್ಕೊ ಹಂಗಾದ್ರೆ."

"ನಂಗಿನ್ನೂ ಬದುಕೋ ಆಸೆ ಐತೆ ಕಣವ್ವ."

ಅಪ್ಪ ಮೂವತ್ತು ವರ್ಷದಿಂದ ಟ್ರ್ಯಾಕ್ಟರ್ ಓಡ್ಸೋರು. ಊರಲ್ಲಿ ಯಾರ ಗದ್ದೆ ಕೆಸರು ಎಷ್ಟು ಆಳ ಅಂತ ಕಾಲಲ್ಲೇ ಹೇಳ್ತಾರೆ. ಆದ್ರೆ ಕಾರು ಮುಟ್ಟಿಲ್ಲ, ವ್ಯಾನೂ ಅಣ್ಣನೇ ಓಡ್ಸೋದು.

ಎರಡು ವರ್ಷ ಹಿಂಗೇ ಹೋಯ್ತು. ಈ ಸಲ ಕಬ್ಬು ಕಡ್ದಾದ್ಮೇಲೆ ಅಪ್ಪ, ಅವ್ವ, ನಾನು ಧರ್ಮಸ್ಥಳಕ್ಕೆ ಹೊರಟ್ವು. ಧರ್ಮಸ್ಥಳಕ್ಕೆ ನಾವು ಎಷ್ಟು ಸಲ ಹೋಗಿದ್ದೀವೋ ಲೆಕ್ಕ ಇಲ್ಲ. ಮಳವಳ್ಳಿ ಚಿಕ್ಕಮ್ಮನ ಮನೇವ್ರೂ ಹಂಗೇ. ದರ್ಶನ, ಊಟ, ವಾಪಸ್ ಬಸ್ಸು. ಅಲ್ಲಿಂದ ಸಮುದ್ರ ಇನ್ನೆಷ್ಟು ದೂರ ಅಂತ ಒಬ್ರೂ ಒಂದು ದಿನಾನೂ ಕೇಳಿಲ್ಲ ಅಂದ್ರೆ ನಂಬ್ತೀರಾ? ಈ ಸಲ ನಾನು ಫೋನಲ್ಲಿ ಮ್ಯಾಪ್ ತೆಗ್ದು ಅವ್ವಂಗೆ ತೋರ್ಸಿದೆ. ಅವ್ವ, "ಅಯ್ ಇಲ್ಲೇ ಐತಲ್ಲ ಕಣಮ್ಮ, ನೀಲಿ ಬಣ್ಣ. ನಡಿ, ನೋಡ್ಬುಡವ," ಅಂದ್ಬುಟ್ಳು.

ಅಲ್ಲಿ ನಾನು ಬಾಣ ಬಿಟ್ಟೆ. ಉಡುಪೀಲಿ ಕಾರು ಬಾಡಿಗೆಗೆ ಕೊಡ್ತಾರೆ, ಡ್ರೈವರ್ ಇಲ್ದೆ ನಾವೇ ಓಡ್ಸ್ಕೊಬೋದು, ಎರಡು ದಿನ ಕರಾವಳಿ ಪೂರ್ತಿ ನೋಡ್ಬೋದು. ಅಪ್ಪ ನನ್ ಫೋನ್ ಇಸ್ಕೊಂಡು ಆ ಮ್ಯಾಪನ್ನ ಹಿಂದೆ ಮುಂದೆ ಎಳ್ದು ನೋಡಿದ್ರು. ಆಮೇಲೆ, "ಆಯ್ತು ಕಣ್ ಮಗ. ಗೀರಿಲ್ದಂಗೆ ತಗಂಡೋಗಿ ಗೀರಿಲ್ದಂಗೆ ವಾಪಸ್ ಕೊಡು. ಕೊಟ್ರೆ ವ್ಯಾನಿನ ಕೀ ನಿಂದು. ಒಂದು ಗೀರು ಬಿತ್ತು ಅಂದ್ರೆ ಇನ್ನು ಆ ಮಾತು ಎತ್ತಂಗಿಲ್ಲ," ಅಂದ್ರು.

ದರ್ಶನ, ಊಟ ಮುಗಿಸಿ ಉಡುಪಿ ಬಸ್ಸು ಹತ್ತಿದ್ವು.

ಉಡುಪೀಲಿ ಆ ಬಾಡಿಗೆ ಅಂಗಡಿಯವನು ನಮ್ಮ ಮೂರು ಜನಾನೂ ಮೇಲಿಂದ ಕೆಳಗೆ ನೋಡ್ದ. "ಓಡಿಸುದು ಯಾರು ಮಾರಾಯ್ರೆ?"

ಅಪ್ಪ ಗಲ್ಲದಲ್ಲೇ ನನ್ ಕಡೆ ತೋರ್ಸಿ, "ಅವ್ಳು. ನಾನು ನೋಡ್ಕಳಕ್ಕೆ ಬಂದಿವ್ನಿ," ಅಂದ್ರು.

ಬಿಳೀ ಸಣ್ಣ ಕಾರು, ಕಪ್ಪು ನಂಬರ್ ಪ್ಲೇಟಲ್ಲಿ ಹಳದಿ ಅಕ್ಷರ. ಬಾಡಿಗೆಗೆ ಕೊಟ್ಟು ನಾವೇ ಓಡ್ಸೋ ಗಾಡಿಗೆ ಹಂಗೇ ಇರ್ಬೇಕಂತೆ, ನಂಗೆ ಗೊತ್ತಿತ್ತು, ಆದ್ರೂ ಎದುರಿಗೆ ನೋಡಿದ್ದು ಅವತ್ತೇ. ಅವನು ಕಾರಿನ ಸುತ್ತ ನಡ್ಕೊಂಡು ಫೋನಲ್ಲಿ ವಿಡಿಯೋ ಹಿಡಿದ. ಹಳೇ ಗೀರು ಮೂರಿದ್ವು, ಒಂದೊಂದನ್ನೂ ಬೆರಳಲ್ಲಿ ತೋರ್ಸಿ ಹೇಳ್ದ. ಅಪ್ಪನೂ ಅವನ ಹಿಂದೆ ಬಗ್ಗಿ ಬಗ್ಗಿ, ಜಾತ್ರೇಲಿ ಎತ್ತಿನ ಹಲ್ಲು ನೋಡೋರ ಥರ ಬಂಪರ್ ಕೆಳಗೆಲ್ಲ ನೋಡಿದ್ರು. ಅವ್ವ ಅಷ್ಟರಲ್ಲಿ ಬ್ಯಾಗಿಂದ ನಾಲ್ಕು ನಿಂಬೆಹಣ್ಣು ತೆಗ್ದಿದ್ಳು.

"ಅವ್ವಾ, ಇದು ಬಾಡಿಗೆ ಗಾಡಿ."

"ಬಾಡ್ಗೆ ಗಾಡಿಯಾದ್ರೆ ಚಕ್ರ ಇಲ್ವಾ?"

ಅಂಗಡಿಯವನು ನಕ್ಕ. "ಇಡಿ ಅಮ್ಮ, ಇಡಿ. ಘಟ್ಟದ ಮೇಲಿನವ್ರು ಎಲ್ಲ ಇಡ್ತಾರೆ. ಕುಂಕುಮ ಒಂದು ಹಚ್ಬೇಡಿ, ಬಿಳಿ ಪೈಂಟಿಗೆ ಹಿಡೀತದೆ."

ನಾಲ್ಕೂ ನಿಂಬೆಹಣ್ಣು ಪಚಕ್ ಅಂದ್ವು. ಹೊರಟ್ವು.

ಅಪ್ಪಂದು ಬೆಲ್ಟ್ ಹಾಕಲ್ಲ ಅಂತ ಹಟ. ಕಾರು ಬಡ್ಕೊಳ್ತಾನೇ ಇತ್ತು, ಟಿಂಗ್ ಟಿಂಗ್ ಟಿಂಗ್. "ಇದ್ಯಾಕಿಂಗೆ ಅರಚ್ಕತದೆ?" ಅಂದ್ರು. ನೀನು ಬೆಲ್ಟ್ ಹಾಕೋಗಂಟ ಅರಚ್ತದೆ ಅಂದೆ. ಎರಡು ಕಿಲೋಮೀಟರ್ ತಡ್ಕೊಂಡು ಆಮೇಲೆ ಹಾಕ್ಕೊಂಡ್ರು. ಬಲಗಾಲು ಮಾತ್ರ ಇಲ್ದೇ ಇರೋ ಬ್ರೇಕನ್ನ ತುಳೀತಾನೇ ಇತ್ತು. ಲಾರಿ ಬಂದ್ರೆ ತುಳಿ, ಆಟೋ ಬಂದ್ರೆ ತುಳಿ, ನಾಯಿ ಬಂದ್ರೆ ಎರಡು ಕಾಲೂ ತುಳಿ.

ಬಿಸ್ಲು ಅಂದ್ರೆ ಬಿಸ್ಲು. ಆದ್ರೆ ನಮ್ಮ ಕಡೆ ಬಿಸ್ಲಂಗಲ್ಲ, ಮೈಗೆ ಅಂಟ್ಕೊಳೋ ಬಿಸ್ಲು. ಮರವಂತೇಲಿ ರೋಡಿನ ಒಂದ್ಕಡೆ ಸಮುದ್ರ, ಇನ್ನೊಂದ್ಕಡೆ ಹೊಳೆ, ಮಧ್ಯ ನಾವು. ನಾನು ಗಾಡಿ ಸೈಡಿಗೆ ಹಾಕ್ದೆ, ಮೂರು ಜನಾನೂ ಇಳಿದ್ವು. ಅವ್ವ ಅಲೆ ಹತ್ರ ಹೋಗಿ ಬೆರಳು ಅದ್ದಿ ನಾಲಗೆಗಿಟ್ಕೊಂಡ್ಳು. "ಥೂ, ಸಾರಿಗೆ ಎರಡು ಸಲ ಉಪ್ಪಾಕ್ದಂಗೈತೆ ಕಣಮ್ಮ!"

ಅಪ್ಪ ರೋಡಲ್ಲೇ ನಿಂತು ಎರಡೂ ಕಡೆ ತಿರುಗಿ ತಿರುಗಿ ನೋಡಿದ್ರು. "ಈ ಪಾಟಿ ನೀರೈತೆ, ಒಂದು ಎಕ್ರೆಗೂ ಬುಡಕಾಗಕಿಲ್ವಲ್ಲ," ಅಂದ್ರು. ಅವರ ಮುಖ ನೋಡಿದ್ರೆ ಯಾರೋ ಅವ್ರಿಗೆ ಮೋಸ ಮಾಡ್ದಂಗಿತ್ತು.

ಅಲ್ಲಿಂದ ಇನ್ನೂ ಮುಂದೆ ಒಂದು ಸಣ್ಣ ರೋಡಿಗೆ ತಿರುಗ್ಸಿದೆ, ಎಲ್ಲಿಗೆ ಹೋಗ್ತದೆ ಅಂತ ನೋಡಣ ಅಂತ. ತೆಂಗಿನ ತೋಟ ದಾಟಿದ್ಮೇಲೆ ಹೊಳೆ ದಡ ಬಂತು. ನೀರು ಎಲ್ಲೋ ನಡುಮಧ್ಯ, ಈ ಕಡೆ ಅಗಲಕ್ಕೆ ಬೂದಿ ಬಣ್ಣದ ನೆಲ, ಮೂರು ನಾಕು ದೋಣಿ ಕೆಸರಲ್ಲಿ ಮಗ್ಗುಲಾಗಿ ಬಿದ್ದಿದ್ವು. ದಡದ ಮೇಲೆ ಚೂರೂ ನೆರಳಿರ್ಲಿಲ್ಲ. ಕೆಳಗೆ ಇಳಿಜಾರಲ್ಲಿ ಒಂದು ತೆಂಗಿನ ಮರ ಬಾಗಿ, ಒಂದು ಕಾರಿಗಾಗೋವಷ್ಟು ನೆರಳು ಕೊಟ್ಟಿತ್ತು.

"ಅಲ್ಲಾಕು," ಅಂದ್ರು ಅಪ್ಪ.

"ನೀರು ಬಂದ್ರೆ?"

"ಎಲ್ಲಿ ಬತ್ತದೆ? ನಿಲ್ಸವ್ರೆ ನೋಡು, ದೋಣಿ ಮಲಗವೆ."

ನೀವು ನಗ್ಬೇಡಿ. ನಾಲೆ ನೀರಲ್ಲಿ ಹುಟ್ಟಿ ಬೆಳೆದೋರಿಗೆ ಲೆಕ್ಕ ಅಷ್ಟೇ. ಮೇಲೆ ಯಾರೋ ತೂಬು ಎತ್ತಿದ್ರೆ ನೀರು ಬರ್ತದೆ, ಇಳಿಸಿದ್ರೆ ನಿಲ್ತದೆ. ನಿಲ್ಸಿದ್ರೆ ಹದಿನೈದು ದಿನ ಬರಲ್ಲ. ನಮ್ಮೂರಲ್ಲಿ ನೀರು ನಿಂತಾಗ ನಾಲೆ ಒಳಗೇ ಗಾಡಿ ಇಳಿಸಿ ತೊಳೀತಾರೆ, ಹುಡುಗ್ರು ಕ್ರಿಕೆಟ್ ಆಡ್ತಾರೆ. ಉಬ್ಬರ ಇಳಿತ ಅಂತ ನಾನು ಶಾಲೇಲಿ ಓದಿದ್ದೆ, ಐದು ಮಾರ್ಕಿನ ಪ್ರಶ್ನೆ. ಅದು ಇದೇ ನೆಲ, ಇದೇ ನೆರಳು ಅಂತ ನನ್ ತಲೆಗೂ ಹೊಳೀಲಿಲ್ಲ. ಮೂತಿ ಹೊಳೆ ಕಡೆ ಮಾಡಿ ಕಾರು ನಿಲ್ಸಿದೆ.

ರೋಡಿನ ಮೇಲೆ ಒಂದು ಸಣ್ಣ ಹೋಟ್ಲು. ಮೀನೂಟ. ಮುದ್ದೆ ಇಲ್ವಾ ಅಂತ ಅಪ್ಪ ಎರಡು ಸಲ ಕೇಳಿದ್ರು. ಕುಚ್ಚಲಕ್ಕಿ ಅನ್ನ ನೋಡಿ ಅವ್ವ, ಇದು ಯಾವ ಭತ್ತ, ಎಷ್ಟು ತಿಂಗಳ ಬೆಳೆ ಅಂತ ಬಡಿಸೋರನ್ನ ಹಿಡ್ಕೊಂಡ್ಳು. ಹಿಂಗಾಗಿ ಅಲ್ಲೇ ಒಂದೂವರೆ ಗಂಟೆ ಹೋಯ್ತು.

ವಾಪಸ್ ಬಂದು ನೋಡ್ತೀವಿ, ದೋಣಿಗಳು ಎದ್ದು ನಿಂತು ತೇಲ್ತಾವೆ. ಕಾರಿನ ಮುಂದಿನ ಎರಡು ಚಕ್ರ ಕಾಲು ಭಾಗ ನೀರಲ್ಲಿ.

"ಯಾವನ್ಲಾ ನೀರು ಬುಟ್ಟೋನು!" ಅಂತ ಅಪ್ಪ ಕೂಗಿದ ಕೂಗಿಗೆ ಕೊಕ್ಕರೆ ಹಾರೋದ್ವು. ಪಂಚೆ ಎತ್ತಿ ಕಟ್ಕೊಂಡು ದಡದ ಉದ್ದಕ್ಕೂ ಓಡಿದ್ರು, ತೂಬು ಎಲ್ಲೈತೆ ಅಂತ ಹುಡುಕ್ಕೊಂಡು. ನಿಜ ಹೇಳ್ತೀನಿ, ನಾನೂ ಆ ಕಡೆ ನೋಡಿದೆ, ಇದ್ರೂ ಇರ್ಬೋದು ಅಂತ.

ಅಲ್ಲೇ ಮೊಣಕಾಲುದ್ದ ನೀರಲ್ಲಿ ಚಿಪ್ಪು ಹೆಕ್ತಿದ್ದ ಒಬ್ಬರು ಹೆಂಗ್ಸು ಬುಟ್ಟಿ ಎತ್ಕೊಂಡು ಮೇಲೆ ಬಂದ್ರು. "ಹ್ವಾಯ್, ಎಂತ ಹುಡುಕುದು?"

"ತೂಬು ಕಣಮ್ಮ, ತೂಬು! ನೀರು ನಿಲ್ಸೋದು!"

ಅವರಿಗೆ ಅರ್ಥ ಆಗಕ್ಕೆ ಸ್ವಲ್ಪ ಹೊತ್ತು ಬೇಕಾಯ್ತು. ಆದ್ಮೇಲೆ ಬುಟ್ಟಿ ಕೆಳಗಿಟ್ಟು ಹೊಟ್ಟೆ ಹಿಡ್ಕೊಂಡು ನಕ್ರು. "ಅದು ಚಂದ್ರ ಮಾಡುದು ಮಾರಾಯ್ರೆ! ಅವನಿಗೇ ಹೋಗಿ ಹೇಳಿ! ಇನ್ನು ಎರಡು ಗಂಟೆ ಏರ್ತದೆ. ಆ ಮರದ ಬುಡ ಮುಳುಗ್ತದೆ. ಬೇಗ ತೆಗೀರಿ ಕಾರು!"

ನಾನು ಓಡೋಗಿ ಸೀಟಲ್ಲಿ ಕೂತು ರಿವರ್ಸ್ ಹಾಕ್ದೆ. ಮುಂದಿನ ಚಕ್ರ ಗಿರ್ರ್ ಅಂತ ಅಲ್ಲೇ ತಿರುಗ್ತು. ಅಪ್ಪ ಬಂದು ಕಿಟಕಿ ಒಳಗೆ ಕೈ ಚಾಚಿದ್ರು.

"ಇಳಿ. ನಾ ಕುತ್ಕತೀನಿ."

ಇಳಿದೆ. ಏನ್ ಮಾಡ್ಲಿ? ಅಪ್ಪ ತೆಗೆದ್ರೆ ಕಾರು ಉಳೀತದೆ, ವ್ಯಾನಿನ ಕೀ ಹೋಯ್ತದೆ. ತೆಗೀದಿದ್ರೆ ಎರಡೂ ಹೋಯ್ತವೆ. ಅಪ್ಪ ಟ್ರ್ಯಾಕ್ಟರ್ ಥರ ದಮ್ಮಿಟ್ಟು ತುಳಿದ್ರು. ಕೆಸರು ಚಿಮ್ಮಿ ಅವ್ವನ ಸೀರೆಗೆಲ್ಲ ಬಿತ್ತು, ಗಾಡಿ ಇನ್ನೂ ಒಂದು ಗೇಣು ಕೂತ್ಕೊಂಡ್ತು. ಮುಂದಿನ ಬಂಪರ್ ಕೆಳಗೆ ಕಲ್ಲೊಂದು ಕರ್ರ್ ಅಂತು.

ಆ ಸದ್ದು ಮೂರು ಜನಾನೂ ಕೇಳಿಸ್ಕೊಂಡ್ವು. 

ಅಪ್ಪ ಇಳಿದು ಬಂದ್ರು. ಕಾಲಲ್ಲಿ ಕೆಸರು ಒತ್ತಿ ನೋಡಿದ್ರು. "ಮೇಲೊಂದು ಪದ್ರ ಅಷ್ಟೇಯ, ತಳ ಗಟ್ಟಿ ಐತೆ. ಟ್ರ್ಯಾಕ್ಟ್ರಂಗಲ್ಲ ಇದು, ಮುಂದ್ಲ ಚಕ್ರದಲ್ಲೇ ಎಳೀತದಾ?"

"ಹೂಂ, ಮುಂದಿಂದೇ. ಅಪ್ಪ, ಗಾಳಿ ಸ್ವಲ್ಪ ಬಿಡ್ಬೇಕು. ಟೈರ್ ಅಗಲ ಆಗಿ ಕಚ್ಕೊಳ್ತದೆ, ವಿಡಿಯೋದಲ್ಲಿ ನೋಡಿದ್ದೀನಿ."

"ಬುಡು. ನಾ ಗರಿ ತತ್ತೀನಿ."

ವಾದ ಮಾಡ್ಲೇ ಇಲ್ಲ ನೋಡಿ! ನಾನು ಅವ್ವನ ತಲೆಪಿನ್ನು ತಗೊಂಡು ನೀರಲ್ಲಿ ಕೈ ಬಿಟ್ಟು ವಾಲ್ವ್ ಒತ್ತಿದೆ, ಬುಳುಬುಳು ಅಂತ ಗುಳ್ಳೆ ಬಂತು. ಅಪ್ಪನೂ ಆ ಚಿಪ್ಪಿನ ಅಮ್ಮನೂ ಒಣಗಿದ ತೆಂಗಿನ ಗರಿ ಎಳ್ಕೊಂಡು ಬಂದು ಚಕ್ರದ ಹಿಂದೆ ತುರುಕಿದ್ರು. ಆಮೇಲೆ ಅಪ್ಪ ಕಾರಿನ ಮುಂದೆ ಮೊಣಕಾಲುದ್ದ ನೀರಿಗೆ ಇಳಿದು, ಎರಡು ಕೈನೂ ಬಾನೆಟ್ಟಿಗೆ ಕೊಟ್ಟು ನಿಂತ್ರು.

"ನೀ ಕುತ್ಕ. ನಂಗೆ ಅದ್ರ ಕ್ಲಚ್ಚು ತಿಳೀಕಿಲ್ಲ. ಮೆತ್ತಗೆ ಬುಡು, ನಾಟಿ ಗದ್ದೇಲಿ ನಡ್ದಂಗೆ."

ಮೆತ್ತಗೆ ಬಿಟ್ಟೆ. ಗರಿ ಲಟಲಟ ಅಂತು. ಒಂದು ಸಲ ಜಾರ್ತು. ಅರ್ಧ ಕ್ಲಚ್ಚಲ್ಲೇ ತಡೆದು ಮತ್ತೆ ಬಿಟ್ಟೆ. ಸುಟ್ಟ ವಾಸ್ನೆ ಬಂತು, ಅವ್ವ ಮನೆದೇವ್ರನ್ನ ಕೂಗ್ತಿದ್ಳು, ಅಪ್ಪ ಗಾಜಿನಾಚೆ ಹಲ್ಲು ಕಚ್ಕೊಂಡು ನನ್ನ ಮುಖಾನೇ ನೋಡ್ತಿದ್ರು. ಆಮೇಲೆ ಒಮ್ಮೆಗೇ ಗಾಡಿ ಹಿಂದಕ್ಕೆ ಎದ್ದು ಬಂತು. ಅಪ್ಪ ದಬಕ್ ಅಂತ ನೀರಿಗೆ ಬಿದ್ರು.

ಗಾಳಿ ಕಮ್ಮಿ ಇದ್ದ ಚಕ್ರದಲ್ಲೇ ಮೆಲ್ಲಗೆ ಪಂಚರ್ ಅಂಗಡಿಗೆ ಹೋದ್ವು. ಹೋಗೋ ಮುಂಚೆ ನಾನು ಆ ಅಮ್ಮನ್ನ ಬಿಡ್ಲಿಲ್ಲ. ದಿನಕ್ಕೆ ಎಷ್ಟು ಸಲ ಏರ್ತದೆ, ದಿನಾ ಒಂದೇ ಟೈಮಾ, ಅಮಾವಾಸ್ಯೆ ದಿನ ಹೆಂಗೆ ಅಂತೆಲ್ಲ ಕೇಳಿದೆ. ಎರಡು ಸಲವಂತೆ. ಟೈಮು ದಿನಾ ಸ್ವಲ್ಪ ಸ್ವಲ್ಪ ತಡ ಆಗ್ತಾ ಹೋಗ್ತದಂತೆ. ಅವರು ಗಡಿಯಾರ ನೋಡಲ್ಲ, ರಾತ್ರಿ ಚಂದ್ರ ಎಲ್ಲಿದ್ದ ಅಂತ ನೋಡಿ ಬೆಳಗ್ಗೆ ಬುಟ್ಟಿ ಎತ್ತೋದಂತೆ. ಅಪ್ಪ ಒದ್ದೆ ಪಂಚೆ ಹಿಂಡ್ತಾ ಎಲ್ಲಾನೂ ಕೇಳಿಸ್ಕೊಂಡ್ರು.

ಮಾರನೇ ದಿನ ಸಂಜೆ ಕಾರು ವಾಪಸ್ ಕೊಡಕ್ಕೆ ಹೋದ್ವು. ಅಂಗಡಿಯವನು ಹಳೇ ವಿಡಿಯೋ ಇಟ್ಕೊಂಡು ಸುತ್ತು ಹಾಕ್ದ, ಮುಂದೆ ಬಂದು ಬಗ್ಗಿದ. ಬಂಪರ್ ಕೆಳಗೆ ಒಂದು ಗೇಣುದ್ದ ಗೀರು. ನಾನು ಬಾಯಿ ತೆರೆಯೋಕೆ ಮುಂಚೆ ಅಪ್ಪ, "ಅದು ನಂದು. ಅಲ್ಲಿ ನಿಲ್ಸು ಅಂದೋನೂ ನಾನೇ, ತುಳ್ದೋನೂ ನಾನೇ," ಅಂದ್ಬುಟ್ರು. ಹೊಳೆ ವಿಷ್ಯ ಪೂರ್ತಿ ಕೇಳಿದ್ಮೇಲೆ ಅವನಿಗೆ ಗೀರಿಗಿಂತ ಉಪ್ಪುನೀರಿನ ಚಿಂತೆ. ಅಡಿಯೆಲ್ಲ ಸಿಹಿನೀರಲ್ಲಿ ತೊಳೀಬೇಕು, ಇಲ್ದಿದ್ರೆ ತುಕ್ಕು ಅಂದ. ಅಪ್ಪ ಪೈಪು ಇಸ್ಕೊಂಡು, ನೆಲದ ಮೇಲೆ ಮಲಗಿ ತಾವೇ ತೊಳೆದ್ರು.

ಬಸ್ಸಲ್ಲಿ ಕೀ ಮಾತು ನಾನೂ ಎತ್ಲಿಲ್ಲ, ಅವರೂ ಎತ್ಲಿಲ್ಲ. ಮಾತು ಮಾತೇ, ಗೀರು ಗೀರೇ ಅಂದ್ಕೊಂಡು ಕಿಟಕಿ ಕಡೆ ತಿರುಗಿ ಕೂತೆ.

ಮನೆಗೆ ಬಂದ್ರೆ ಅಣ್ಣ ಜಗಲಿ ಮೇಲೆ ಕಾಯ್ತಾ ಕೂತಿದ್ದ. ಗೀರಿನ ಷರತ್ತಿನ ವಿಷ್ಯ ಅವ್ವ ಫೋನಲ್ಲಿ ಮೊದ್ಲೇ ಹೇಳ್ಬುಟ್ಟಿದ್ಳು. "ಏನಮ್ಮಿ, ಎಷ್ಟು ಗೀರಾಕ್ದೆ?"

"ಒಂದು," ಅಂದ್ರು ಅಪ್ಪ. "ನಾನಾಕಿದ್ದು. ಇವ್ಳು ನೀರಿಂದ ಎತ್ಕೊಂಡು ಬಂದ್ಳು. ಕೀ ಕೊಡಿಲ್ಲಿ."

"ಯಾಕೆ?"

"ಬೆಳಗ್ಗೆ ಅವ್ಳು ಮದ್ದೂರ್‌ಗೆ ಓಗ್ಬೇಕು. ನಿಂಗೆ ಬೇಕಾದಾಗ ಅವ್ಳನ್ನ ಕೇಳು."

ಅಣ್ಣ ಇನ್ನೂ ಮಾತಾಡಿಲ್ಲ ನನ್ ಹತ್ರ. ನಾನು ದಿನಾ ವ್ಯಾನಲ್ಲೇ ಹೋಗ್ತಿದ್ದೀನಿ. ಅಪ್ಪ ಒಂದು ಸಲ ಪಕ್ಕದಲ್ಲಿ ಕೂತು ಮಂಡ್ಯದವರೆಗೂ ಬಂದ್ರು, ಕಾಲು ಆಡಿಸ್ಲಿಲ್ಲ.

ಈಗ ನಿಮ್ಮ ಸರದಿ. ಸಮುದ್ರದ ಪಕ್ಕ ಇರೋರು ಯಾರಾದ್ರೂ ಇದನ್ನ ಓದ್ತಿದ್ರೆ, ಹೊಸ ಜಾಗಕ್ಕೆ ಹೋದಾಗ ನೀರು ಎಲ್ಲೀವರೆಗೆ ಏರ್ತದೆ ಅಂತ ನೆಲ ನೋಡಿ ಹೆಂಗೆ ಗುರ್ತು ಹಿಡೀತೀರಾ, ಹೇಳಿ. ನಮ್ಮ ಥರ ಬಯಲುಸೀಮೆಯಿಂದ ಹೋಗಿ ಬಾಡಿಗೆ ಕಾರು ಓಡ್ಸಿದೋರು, ನೀವೆಲ್ಲಿ ಸಿಕ್ಕಾಕ್ಕೊಂಡ್ರಿ, ಯಾರು ತಳ್ಳಿದ್ರು ಅಂತ ಕೆಳಗೆ ಬರೀರಿ. ಒಂದೂ ಬಿಡ್ದಂಗೆ ಓದ್ತೀನಿ, ಅಪ್ಪಂಗೂ ಓದಿ ಹೇಳ್ತೀನಿ.